ಕುಲ ಮತ್ತು ಉಡುಪು: ಹಂಟಿಂಗ್ಟನ್ ಸಂಗ್ರಹದ ಆಂಗ್ಲ ಭಾವಚಿತ್ರಗಳು

ಕ್ಯಾಲಿಫೋರ್ನಿಯಾದ ಸ್ಯಾನ್ ಮರೀನೊದಲ್ಲಿರುವ ಹಂಟಿಂಗ್ಟನ್ ಸಂಸ್ಥೆಯ ಥಾರ್ನ್‌ಟನ್ ಚಿತ್ರಶಾಲೆಯಲ್ಲಿ ಹದಿನೆಂಟನೆಯ ಶತಮಾನದ ಬ್ರಿಟನ್ನಿನ ಆಳೆತ್ತರದ ಭಾವಚಿತ್ರಗಳ ಒಂದು ಪ್ರಸಿದ್ಧ ಸಂಗ್ರಹವಿದೆ. ಡಚೆಸ್, ಕೌಂಟೆಸ್, ವೈಕೌಂಟ್ ಎಂಬ ಪದವಿಗಳನ್ನು ಹೊತ್ತವರು ಗೋಡೆಯುದ್ದಕ್ಕೂ ನಿಂತಿದ್ದಾರೆ. ಗೇನ್ಸ್‌ಬರೊ, ರೆನಾಲ್ಡ್ಸ್, ರಾಮ್ನಿ, ಲಾರೆನ್ಸ್ ಇವರ ಕೃತಿಗಳು ಬ್ರಿಟನ್ನಿನ ಹೊರಗೆ ಒಂದೆಡೆ ಇಷ್ಟು ಸಾಂದ್ರವಾಗಿ ದೊರೆಯುವುದು ವಿರಳ. ಹೀಗಾಗಿ ಈ ಸಂಗ್ರಹವನ್ನು ಒಂದು ಕುಲೀನ ಸಮಾಜದ ಸಮೂಹಚಿತ್ರವೆಂದು ಓದುವುದು ಸಹಜ. ಆದರೆ ಈ ಓದಿಗೆ ಸಂಗ್ರಹವೇ ಒಡ್ಡುವ ತೊಡಕೊಂದಿದೆ. ಇಲ್ಲಿನ ಅತಿ ಪ್ರಸಿದ್ಧವಾದ ಮೂರು ಚಿತ್ರಗಳಲ್ಲಿರುವ ಮೂವರೂ ಕುಲೀನ ವರ್ಗಕ್ಕೆ ಸೇರಿದವರಲ್ಲ. ಒಬ್ಬ, ಬಹುಕಾಲದ ನಂಬಿಕೆಯಂತೆ, ಕಬ್ಬಿಣದ ಸಾಮಾನಿನ ವರ್ತಕನ ಮಗ. ಒಬ್ಬಳು ಜಮೈಕಾದ ಕಬ್ಬಿನ ತೋಟಗಳ ಒಡೆಯರ ಮನೆಯ ಹುಡುಗಿ. ಮತ್ತೊಬ್ಬಳು ಊರೂರು ಅಲೆಯುವ ನಾಟಕ ತಂಡದಲ್ಲಿ ಬೆಳೆದ ನಟಿ. ಕುಲವು ಹುಟ್ಟಿನಿಂದ ಬರುವುದೋ ಚಿತ್ರದಿಂದ ಬರುವುದೋ ಎಂಬ ಪ್ರಶ್ನೆಯನ್ನು ಈ ಮೂರು ಚಿತ್ರಗಳು ಉಳಿದೆಲ್ಲ ಚಿತ್ರಗಳ ಮೇಲೂ ಹೇರುತ್ತವೆ.

ಭಾವಚಿತ್ರವನ್ನು ಮುಖದ ದಾಖಲೆಯೆಂದಷ್ಟೇ ಗ್ರಹಿಸಿದರೆ ಈ ಪ್ರಕಾರದ ನಡೆ ತಿಳಿಯದು. ಕನ್ನಡದ ಓದುಗರಿಗೆ ಶಾಸನಗಳ ಪ್ರಶಸ್ತಿಭಾಗ ಹತ್ತಿರದ ಹೋಲಿಕೆಯಾದೀತು. ಅಲ್ಲಿ ಬಿರುದಾವಳಿ ಮುಂದೆ ನಡೆಯುತ್ತದೆ, ವ್ಯಕ್ತಿ ಅದರ ಹಿಂದೆ ಬರುತ್ತಾನೆ. ವಿಶೇಷಣಗಳಲ್ಲಿ ಬಹುಪಾಲು ಪರಂಪರೆಯ ಭಂಡಾರದಿಂದ ತೆಗೆದವು. ಆಳೆತ್ತರದ ಭಾವಚಿತ್ರದ ಕಂಬ, ಪರದೆ, ಮೆಟ್ಟಿಲು, ಕಲ್ಲಿನ ಕಲಶ, ಹಿನ್ನೆಲೆಯ ಉದ್ಯಾನಗಳೂ ಇಂಥ ಸಿದ್ಧ ವಿಶೇಷಣಗಳೇ. ಅವುಗಳಿಗೆ ಬೆಲೆಯೂ ನಿಗದಿಯಾಗಿತ್ತು. 1780ರ ದಶಕದ ಆರಂಭದಲ್ಲಿ ರೆನಾಲ್ಡ್ಸ್ ತಲೆಯ ಚಿತ್ರಕ್ಕೆ 50 ಗಿನಿ ಪಡೆದರೆ ಆಳೆತ್ತರದ ಚಿತ್ರಕ್ಕೆ 200 ಗಿನಿ ಪಡೆಯುತ್ತಿದ್ದರು. ಬೆಲೆ ಏರುತ್ತಿದ್ದುದು ಮುಖದಿಂದಲ್ಲ. ಮುಖದ ಕೆಳಗಿನ ಬಟ್ಟೆ ಮತ್ತು ಸುತ್ತಲಿನ ನೆಲದಿಂದ. ಅವರ ಕಾರ್ಯಶಾಲೆಯಲ್ಲಿ ಆ ಬಟ್ಟೆಯನ್ನು ಹಲವೊಮ್ಮೆ ಪೀಟರ್ ಟಾಮ್ಸ್‌ನಂಥ ವಸ್ತ್ರಚಿತ್ರಕಾರರು ಬರೆಯುತ್ತಿದ್ದರು.

ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷರಾಗಿ ನೀಡಿದ ಉಪನ್ಯಾಸಗಳಲ್ಲಿ ರೆನಾಲ್ಡ್ಸ್ ಈ ಪದ್ಧತಿಗೆ ಸಿದ್ಧಾಂತದ ಆಧಾರ ಒದಗಿಸಿದರು. ಅಂದಂದಿನ ಉಡುಪು ಕಾಲದೊಡನೆ ಹಳತಾಗುತ್ತದೆ. ಆದ್ದರಿಂದ ಪ್ರಾಚೀನತೆಯ ಛಾಯೆಯುಳ್ಳ ಸಾಮಾನ್ಯ ವಸ್ತ್ರವೇ ಭವ್ಯಶೈಲಿಗೆ ತಕ್ಕದ್ದು ಎಂಬುದು ಅವರ ನಿಲುವು. 1778ರ ‘ಹ್ಯಾರಿಂಗ್ಟನ್ನಿನ ಕೌಂಟೆಸ್ ಜೇನ್’ ಆ ನಿಲುವಿನ ನೇರ ಪ್ರಯೋಗ. ಚಾಚಿದ ಕೈ, ಹರಿದು ಬೀಳುವ ನೆರಿಗೆ, ಹಿಂದಿನ ಮರಗಳ ಕತ್ತಲು ಎಲ್ಲವೂ ಒಂದು ಪ್ರತಿಮೆಯ ಘನತೆಯನ್ನು ಕೂಡಿಸುತ್ತವೆ. ಆ ಘನತೆಗೆ ಚಿತ್ರ ತೆತ್ತ ಬೆಲೆ ವ್ಯಕ್ತಿತ್ವ: ಈ ಮುಖವನ್ನು ತೆಗೆದು ಇನ್ನೊಂದನ್ನು ಇರಿಸಿದರೂ ರಚನೆ ಕದಲದು. ಚಿತ್ರ ಬರೆದಾಗ ಜೇನ್ ಫ್ಲೆಮಿಂಗ್ ಇನ್ನೂ ಕೌಂಟೆಸ್ ಆಗಿರಲಿಲ್ಲ. 1779ರ ಮದುವೆಯಿಂದ ಬಂದ ಪದವಿಯನ್ನು ಚಿತ್ರದ ಹೆಸರು ಹಿಂದಕ್ಕೊಯ್ದು ಅಂಟಿಸಿದೆ. ಇದಕ್ಕೆ ಎರಡು ಮೂರು ವರ್ಷ ಹಿಂದಿನ ‘ಡೆವನ್‌ಶೈರಿನ ಡಚೆಸ್ ಜಾರ್ಜಿಯಾನಾ’ ಚಿತ್ರದಲ್ಲಿ ಅದೇ ಕಲಾವಿದರು ತಮ್ಮ ಸೂತ್ರಕ್ಕೆ ಅಷ್ಟು ಬದ್ಧರಾಗಿಲ್ಲ. ಎತ್ತರಕ್ಕೆ ಕಟ್ಟಿದ ಕೂದಲು, ಅದರ ಮೇಲಿನ ಗರಿಗಳು ಆ ವರ್ಷಗಳ ಲಂಡನ್ನಿನ ಷೋಕಿಯನ್ನು ಸಾರುತ್ತವೆ. ಹಳತಾಗುವುದೆಂದು ಸಿದ್ಧಾಂತ ಕೈಬಿಟ್ಟದ್ದೇ ಇಲ್ಲಿ ಚಿತ್ರಕ್ಕೆ ಉಸಿರು ತುಂಬಿದೆ.

ರೆನಾಲ್ಡ್ಸ್‌ರ ಸಿದ್ಧಾಂತ ಪೂರ್ಣವಾಗಿ ಫಲಿಸಿದ್ದು ಕುಲೀನಳಲ್ಲದ ಒಬ್ಬಳಲ್ಲಿ. ‘ದುರಂತದೇವಿಯಾಗಿ ಶ್ರೀಮತಿ ಸಿಡನ್ಸ್’ (1783–84) ಚಿತ್ರದಲ್ಲಿ ನಟಿ ಸಿಂಹಾಸನದ ಮೇಲೆ ಕುಳಿತಿದ್ದಾಳೆ. ಹಿಂದಿನ ಕತ್ತಲಲ್ಲಿ ಕಠಾರಿ ಮತ್ತು ಬಟ್ಟಲು ಹಿಡಿದ ಎರಡು ಆಕೃತಿಗಳಿವೆ. ಆಸನದ ಭಂಗಿ ಸಿಸ್ಟೀನ್ ಮಂದಿರದಲ್ಲಿ ಮೈಕೆಲಾಂಜೆಲೊ ಬರೆದ ಪ್ರವಾದಿಗಳ ನೆನಪು ತರುತ್ತದೆ. ಕೌಂಟೆಸಳ ಮೇಲೆ ಹೊರಗಿನಿಂದ ಹೊದಿಸಿದಂತೆ ಕಾಣುವ ಭವ್ಯತೆ ಇಲ್ಲಿ ಸಹಜವೆನಿಸಲು ಕಾರಣ ಸ್ಪಷ್ಟ: ವೇಷ ಧರಿಸುವುದು ಈಕೆಯ ವೃತ್ತಿ. ಕಲಾವಿದ ತನ್ನ ಸಹಿಯನ್ನು ಆಕೆಯ ಉಡುಪಿನ ಅಂಚಿನಲ್ಲಿ ಹಾಕಿದ್ದಾನೆ. ಒಬ್ಬ ನಟಿಗೆ ಸಂದ ಈ ಗೌರವ ಚಿತ್ರಶಾಲೆಯ ಯಾವ ಡಚೆಸಳಿಗೂ ಸಂದಿಲ್ಲ.

ಗೇನ್ಸ್‌ಬರೊನ ‘ನೀಲಿ ಹುಡುಗ’ ವೇಷದ ಈ ತರ್ಕವನ್ನು ಇನ್ನೊಂದು ತುದಿಗೆ ಒಯ್ಯುತ್ತದೆ. 1770ರಲ್ಲಿ ಅಕಾಡೆಮಿಯ ಪ್ರದರ್ಶನಕ್ಕೆ ಅದು ಬಂದದ್ದು ‘ಯುವ ಸಭ್ಯನೊಬ್ಬನ ಭಾವಚಿತ್ರ’ ಎಂಬ ಹೆಸರಿನಲ್ಲಿ. ಹುಡುಗ ತೊಟ್ಟಿರುವುದು ತನ್ನ ಕಾಲದ ಉಡುಪಲ್ಲ; ಒಂದನೆಯ ಚಾರ್ಲ್ಸನ ಆಸ್ಥಾನವನ್ನು ವ್ಯಾನ್ ಡೈಕ್ ಚಿತ್ರಿಸಿದ ಶೈಲಿಯದು, ಆಗಲೇ ಶತಮಾನಕ್ಕೂ ಹಳೆಯದು. ರೂಪದರ್ಶಿ ವರ್ತಕನ ಮಗ ಜೊನಾಥನ್ ಬಟಲ್ ಎಂಬುದು ಹಳೆಯ ಮಾತು. ಕಲಾವಿದನ ಸೋದರಳಿಯ ಗೇನ್ಸ್‌ಬರೊ ಡ್ಯೂಪಾಂಟ್ ಇರಬಹುದೆಂಬುದು ಈಚಿನ ವಾದ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಆಸ್ಥಾನದ ಉಡುಪಿನೊಳಗೆ ಆಸ್ಥಾನದವನಿಲ್ಲ. 1939ರಲ್ಲಿ ತೆಗೆದ ಕ್ಷಕಿರಣ ಚಿತ್ರದಲ್ಲಿ ಇದೇ ಕ್ಯಾನ್‌ವಾಸಿನ ಮೇಲೆ ಮೊದಲು ಆರಂಭಿಸಿ ಕೈಬಿಟ್ಟ ಹಿರಿಯನೊಬ್ಬನ ಭಾವಚಿತ್ರ ಕಾಣಿಸಿತು. ನೀಲಿ ಬಣ್ಣ ಚಿತ್ರದ ನಡುವೆ ಬರಬಾರದೆಂಬ ರೆನಾಲ್ಡ್ಸ್‌ರ ಸೂತ್ರಕ್ಕೆ ಗೇನ್ಸ್‌ಬರೊ ಕೊಟ್ಟ ಉತ್ತರವೇ ಈ ಚಿತ್ರವೆಂಬ ಕಥೆ ಇಂದಿಗೂ ಬಳಕೆಯಲ್ಲಿದೆ. ಆ ಸೂತ್ರವುಳ್ಳ ಉಪನ್ಯಾಸ 1778ರದು. ಚಿತ್ರ ಎಂಟು ವರ್ಷ ಮೊದಲೇ ಪ್ರದರ್ಶನ ಕಂಡಿತ್ತು. ಕಥೆಯನ್ನು ಬದಿಗಿಟ್ಟರೆ ಉಳಿಯುವುದು ಕುಂಚದ ಸಾಹಸ. ಹತ್ತಿರದಿಂದ ನೋಡಿದರೆ ಉಡುಪು ಗೀಚುಗೆರೆಗಳ ರಾಶಿ. ಹತ್ತು ಹೆಜ್ಜೆ ಹಿಂದೆ ಸರಿದರೆ ಅದೇ ಹೊಳೆಯುವ ರೇಷ್ಮೆ. ಉಡುಪು ಬಣ್ಣದಿಂದಲೇ ಆದದ್ದೆಂಬುದನ್ನು ಈ ಚಿತ್ರ ಮುಚ್ಚಿಡುವುದಿಲ್ಲ.

ಅದೇ ಕಲಾವಿದ ಅದೇ ಸುಮಾರಿಗೆ ಬರೆದ ಲಿಗೊನಿಯರ್ ದಂಪತಿಗಳ ಜೋಡಿಚಿತ್ರ ಪದವಿಯುಳ್ಳವರ ವಿಷಯದಲ್ಲಿಯೂ ಇದನ್ನೇ ಸೂಚಿಸುತ್ತದೆ. ವೈಕೌಂಟ್ ತನ್ನ ಕುದುರೆಯ ಪಕ್ಕದಲ್ಲಿ ನಿಂತಿದ್ದಾನೆ; ಪೆನೆಲೊಪಿ ಕಲಾಸಾಮಗ್ರಿಗಳ ನಡುವೆ. 1771ರಲ್ಲಿ ಇಟಲಿಯ ಕವಿ ಆಲ್ಫಿಯೇರಿಯೊಡನೆ ಪೆನೆಲೊಪಿಯ ಪ್ರಣಯ ಬಯಲಾಗಿ, ದ್ವಂದ್ವಯುದ್ಧ ನಡೆದು, ಮದುವೆ ಮುರಿಯಿತು. ಕುಲದ ಮುಂದುವರಿಕೆಯನ್ನು ಸಾರಲು ಬರೆಸಿದ ಜೋಡಿ ಬದುಕಿನಲ್ಲಿ ಮುರಿದು ಸಂಗ್ರಹದಲ್ಲಿ ಮಾತ್ರ ಉಳಿಯಿತು.

ಲಾರೆನ್ಸ್‌ನ ‘ಪಿಂಕಿ’ (1794) ಸಂಗ್ರಹದ ಅತ್ಯಂತ ಮುದ್ದಾದ ಚಿತ್ರ. ಅತ್ಯಂತ ಕಠಿಣವಾದ ಓದನ್ನು ಬೇಡುವುದೂ ಅದೇ. ಸಾರಾ ಬ್ಯಾರೆಟ್ ಮೌಲ್ಟನ್ 1783ರಲ್ಲಿ ಜಮೈಕಾದಲ್ಲಿ ಹುಟ್ಟಿ, ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಬಂದವಳು. ದ್ವೀಪದಲ್ಲಿ ಉಳಿದ ಅಜ್ಜಿ ಮೊಮ್ಮಗಳ ಚಿತ್ರ ಬಯಸಿದ್ದರಿಂದ ಅದು ಸಿದ್ಧವಾಯಿತು. 1795ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಹುಡುಗಿ ತೀರಿಕೊಂಡಳು. ದಿಗಂತವನ್ನು ಕೆಳಕ್ಕಿಳಿಸಿ, ಗಾಳಿಗೆ ಹಾರುವ ರಿಬ್ಬನ್ನುಗಳೊಡನೆ ಅವಳನ್ನು ಆಕಾಶದ ಎದುರು ನಿಲ್ಲಿಸಿರುವ ರಚನೆ ಈ ಸಾವಿನ ಅರಿವಿನಿಂದ ಇನ್ನಷ್ಟು ಆರ್ದ್ರವಾಗುತ್ತದೆ. ಆದರೆ ಕಾಲಡಿಯಲ್ಲಿ ಕಾಣುವ ನೆಲ ಇಂಗ್ಲೆಂಡಿನ ಹುಲ್ಲುದಿಣ್ಣೆ. ಮನೆತನದ ಸಂಪತ್ತು ಬಂದದ್ದು ಗುಲಾಮರು ದುಡಿದ ಕಬ್ಬಿನ ಗದ್ದೆಗಳಿಂದ. ಆ ನೆಲವನ್ನಾಗಲಿ ಆ ಜನರನ್ನಾಗಲಿ ಸೂಚಿಸುವ ಒಂದು ಗೆರೆಯೂ ಚಿತ್ರದಲ್ಲಿಲ್ಲ. ಲಾರೆನ್ಸ್ ಸುಳ್ಳು ಬರೆದನೆಂದಲ್ಲ. ಪ್ರಕಾರದ ವಿಶೇಷಣ ಭಂಡಾರದಲ್ಲಿ ಅದಕ್ಕೆ ಪದವೇ ಇರಲಿಲ್ಲ.

ಚಿತ್ರಗಳು ಬಿಟ್ಟುಕೊಟ್ಟ ಈ ಬಿರುಕುಗಳನ್ನು ಮುಚ್ಚಿದ್ದು ಒಡೆತನ ಮತ್ತು ಮಾರುಕಟ್ಟೆ. 1796ರಲ್ಲಿ ಬಟಲ್ ದಿವಾಳಿಯಾದ ಮೇಲೆ ‘ನೀಲಿ ಹುಡುಗ’ ಕೈಯಿಂದ ಕೈಗೆ ಸಾಗಿ ಗ್ರೋವನರ್ ಮನೆತನವನ್ನು ಸೇರಿತು. ಶತಮಾನಕ್ಕೂ ಹೆಚ್ಚು ಕಾಲ ಆ ಮನೆಯಲ್ಲಿದ್ದು ಅಂಗಡಿಯವನ ಮಗ ಮನೆತನದ ಕುವರನಂತಾದ. ಮೊದಲ ಮಹಾಯುದ್ಧದ ನಂತರ ಭೂಮಾಲೀಕ ಕುಟುಂಬಗಳು ಚಿತ್ರಗಳನ್ನು ಮಾರತೊಡಗಿದಾಗ, 1921ರಲ್ಲಿ ವ್ಯಾಪಾರಿ ಜೋಸೆಫ್ ಡುವೀನ್ ಇದನ್ನು ‘ಸಿಡನ್ಸ್’ ಚಿತ್ರದೊಡನೆ ವೆಸ್ಟ್‌ಮಿನ್ಸ್ಟರಿನ ಡ್ಯೂಕನಿಂದ ಕೊಂಡು ಹೆನ್ರಿ ಹಂಟಿಂಗ್ಟನ್ನಿಗೆ ಮಾರಿದ. ‘ನೀಲಿ ಹುಡುಗ’ನಿಗೆ ಸಂದ ಬೆಲೆಯೇ 7 ಲಕ್ಷ ಡಾಲರಿಗೂ ಮೇಲೆ. 1922ರ ಜನವರಿಯಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಚಿತ್ರಕ್ಕೆ ವಿದಾಯ ಹೇಳಲು ಸುಮಾರು 90,000 ಜನ ಬಂದರು. 1926ರ ಹರಾಜಿನಲ್ಲಿ ಡುವೀನ್ 74,000 ಗಿನಿಗೆ ಕೂಗಿ ಪಡೆದ ‘ಪಿಂಕಿ’ ಮರುವರ್ಷ ಹಂಟಿಂಗ್ಟನ್ನಿನ ಪಾಲಾಯಿತು. ಟ್ರಾಮ್ ಮಾರ್ಗಗಳಿಂದಲೂ ಲಾಸ್ ಏಂಜಲಿಸ್ ಸುತ್ತಲಿನ ಜಮೀನಿನ ವ್ಯವಹಾರದಿಂದಲೂ ಹಣ ಗಳಿಸಿದವನ ಗೋಡೆಯ ಮೇಲೆ, ಸುಮಾರು ಕಾಲು ಶತಮಾನದ ಅಂತರದಲ್ಲಿ ಬರೆದ, ಪರಸ್ಪರ ಸಂಬಂಧವೇ ಇಲ್ಲದ ಇಬ್ಬರು ಮಕ್ಕಳು ಎದುರುಬದುರು ನಿಂತು ಜೋಡಿಯಾದರು. ಅವರನ್ನು ಪ್ರಣಯಿಗಳೆಂದೋ ಒಡಹುಟ್ಟಿದವರೆಂದೋ ಜನ ಭಾವಿಸಿದ್ದು ತೂಗುಹಾಕುವ ಕ್ರಮವೇ ಒಂದು ಹೇಳಿಕೆಯೆಂಬುದಕ್ಕೆ ಸಾಕ್ಷಿ.

2021ರಲ್ಲಿ ಸಂಸ್ಥೆ ಕೆಹಿಂಡೆ ವೈಲಿಯಿಂದ ಒಂದು ಚಿತ್ರ ಬರೆಸಿ ಇದೇ ಶಾಲೆಯಲ್ಲಿ ತೂಗಿತು. ಇಂದಿನ ಉಡುಪಿನ ಕಪ್ಪು ವರ್ಣದ ಯುವಕ ‘ನೀಲಿ ಹುಡುಗ’ನ ಭಂಗಿಯಲ್ಲಿ, ಹೂಬಳ್ಳಿಯ ಹಿನ್ನೆಲೆಯ ಎದುರು ನಿಂತಿದ್ದಾನೆ. ಚಿತ್ರದ ಹೆಸರು ಗೇನ್ಸ್‌ಬರೊ 1770ರಲ್ಲಿ ಬಳಸಿದ್ದೇ. ಹೂಬಳ್ಳಿಯ ಅಲಂಕರಣ ವೈಲಿಯ ಇತರ ಕೃತಿಗಳಲ್ಲಿಯೂ ಮರುಕಳಿಸುವಂಥದು. ಚಿತ್ರವಾಗಿ ಇದು ಗೇನ್ಸ್‌ಬರೊನ ಕುಂಚಕ್ಕೆ ಸಾಟಿಯಲ್ಲ. ಆದರೆ ಈ ಗೋಡೆಗಳ ನಡುವೆ ಅದು ಮಾಡುವ ಕೆಲಸ ವಿಮರ್ಶೆಯದು. ಭಂಗಿ ಯಾರ ಸ್ವತ್ತೂ ಅಲ್ಲ, ಎರವಲು ತೆಗೆದುಕೊಳ್ಳಬಹುದಾದದ್ದು ಎಂಬುದನ್ನು ಅದು ಮರಳಿ ನೆನಪಿಸುತ್ತದೆ.

ಈ ಸಂಗ್ರಹವನ್ನು ಕುಲೀನರ ವೈಭವವೆಂದು ಹೊಗಳುವುದೂ ಶೋಷಕರ ಸಾಲೆಂದು ತಳ್ಳಿಹಾಕುವುದೂ ಚಿತ್ರಗಳು ತಾವಾಗಿ ಹೇಳುವುದಕ್ಕಿಂತ ಕಡಿಮೆಯನ್ನೇ ಹೇಳುತ್ತವೆ. ಅಂಗಡಿ, ಕಬ್ಬಿನ ಗದ್ದೆ, ರಂಗಭೂಮಿ ಈ ಮೂರು ಡಚೆಸಳ ಪಕ್ಕದಲ್ಲೇ ತೂಗಿವೆ. ಅವನ್ನು ಗುರುತಿಸುವ ವಿವರಣಾಫಲಕ, ಅವನ್ನು ಮರೆಸದ ಜೋಡಣೆ ಈ ಚಿತ್ರಗಳ ಸೊಬಗನ್ನು ತಗ್ಗಿಸಲಾರವು. ರೇಷ್ಮೆಯ ಹೊಳಪು ಎಷ್ಟು ದುಡಿಮೆಯಿಂದ ಬಂದದ್ದೆಂಬುದು ತಿಳಿದ ಮೇಲೆ ಅದನ್ನು ಇನ್ನೂ ಹೆಚ್ಚು ಹೊತ್ತು ನೋಡಬೇಕಾಗುತ್ತದೆ.