ತೊರಕೆಯ ಹಲ್ಲಿಗೆ ಎಷ್ಟು ಹೆಸರು ಸಾಕು?

ಮೇರಿಲ್ಯಾಂಡಿನ ಕ್ಯಾಲ್ವರ್ಟ್ ಬಂಡೆಗಳ ತೀರಕ್ಕೆ ಮಕ್ಕಳನ್ನು ಕರೆದೊಯ್ದವರ ಮನೆಯಲ್ಲಿ ಪಳೆಯುಳಿಕೆಗಳ ಡಬ್ಬಿಯೊಂದು ಇದ್ದೇ ಇರುತ್ತದೆ. ಅದರಲ್ಲಿ ಮೊದಲ ಪಂಕ್ತಿ ಶಾರ್ಕ್ ಹಲ್ಲುಗಳಿಗೆ. ನಮ್ಮ ಕರಾವಳಿಯವರು ತೊರಕೆ ಎನ್ನುವ ಚಪ್ಪಟೆ ಮೀನಿನ ಹಲ್ಲುಗಳಿಗೆ ಕೊನೆಯ ಮೂಲೆ. ಹವ್ಯಾಸಿಗಳ ಪ್ರದರ್ಶನಗಳಲ್ಲೂ ನಾನು ಕಂಡದ್ದು ಇದನ್ನೇ. ಆ ಮೂಲೆಯ ಹತ್ತಿಪ್ಪತ್ತು ತುಂಡುಗಳಿಗೆಲ್ಲ ಸೇರಿ 'ಮೈಲಿಯೊಬ್ಯಾಟಿಸ್' ಎಂಬ ಒಂದೇ ಚೀಟಿ. ನನ್ನ ತಕರಾರು ಈ ಚೀಟಿಯ ಬಗ್ಗೆ.

ಈ ಮೀನುಗಳು ಚಿಪ್ಪುಜೀವಿಗಳನ್ನು ಅರೆದು ತಿನ್ನುತ್ತವೆ. ಅದಕ್ಕಾಗಿ ಹಲ್ಲುಗಳು ನೆಲಕ್ಕೆ ಹಾಸಿದ ಚಪ್ಪಡಿಗಳಂತೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಮೇಲ್ಮೈ ನಯ, ಕೆಳಗಿನ ಬೇರು ಬಾಚಣಿಗೆಯ ಹಾಗೆ ಸೀಳುಸೀಳು. ಆ ಬಾಚಣಿಗೆ ಕಂಡರೆ ಇದು ತೊರಕೆಯ ಗುಂಪಿನದೆಂದು ಧೈರ್ಯವಾಗಿ ಹೇಳಬಹುದು. ಮುಂದಿನ ಹೆಜ್ಜೆಯೇ ಕಷ್ಟದ್ದು.

ಮೈಲಿಯೊಬ್ಯಾಟಿಸ್‌ನಲ್ಲಿ ನಡುವೆ ಅಗಲವಾದ ಹಲ್ಲುಗಳ ಒಂದು ಸಾಲು, ಎರಡೂ ಪಕ್ಕದಲ್ಲಿ ಸಾಮಾನ್ಯವಾಗಿ ಮೂರು ಮೂರು ಸಾಲು ಸಣ್ಣ ಹಲ್ಲುಗಳು. ರೈನಾಪ್ಟೆರಾದಲ್ಲಿ ನಡುವಿನಿಂದ ಅಂಚಿಗೆ ಹೋದಂತೆ ಹಲ್ಲಿನ ಅಗಲ ಹಂತಹಂತವಾಗಿ ಕಿರಿದಾಗುತ್ತದೆ. ಏಟೊಬ್ಯಾಟಸ್‌ಗೆ ಪಕ್ಕದ ಸಾಲುಗಳೇ ಇಲ್ಲ. ಕೆಳದವಡೆಯ ಹಲ್ಲು ಬಾಗಿರುತ್ತದೆ, ಬೇರು ಹಿಂದಕ್ಕೆ ಚಾಚಿರುತ್ತದೆ. ಗಮನಿಸಿ: ಇವುಗಳಲ್ಲಿ ಹೆಚ್ಚಿನವು ಇಡೀ ಹಲ್ಲುಹಾಸಿನ ಲಕ್ಷಣಗಳು. ತೀರದಲ್ಲಿ ಸಿಗುವುದೋ ಬಿಡಿ ಹಲ್ಲು, ಅಲೆಗೆ ಸವೆದದ್ದು, ಬೇರು ಮುರಿದದ್ದು. ಆರು ಮೂಲೆಯ ಸಣ್ಣ ಹಲ್ಲೊಂದು ಸಿಕ್ಕರೆ ಅದು ಏಟೊಬ್ಯಾಟಸ್ ಅಲ್ಲವೆಂದು ಹೇಳಬಹುದು. ಆದರೆ ಉಳಿದೆರಡರಲ್ಲಿ ಯಾವುದೆಂದು ಅದೊಂದರಿಂದಲೇ ತೀರ್ಮಾನಿಸುವುದು ದುಡುಕು.

ಕಾಲದ ವಿಷಯದಲ್ಲೂ ಇದೇ ಆತುರ. ಆ ಬಂಡೆಗಳಲ್ಲಿ ಕ್ಯಾಲ್ವರ್ಟ್, ಚಾಪ್ಟ್ಯಾಂಕ್, ಸೇಂಟ್ ಮೇರೀಸ್ ಎಂಬ ಮೂರು ಪದರಗಳಿವೆ. ಎಲ್ಲವೂ ಮಯೊಸೀನ್ ಯುಗದವು. ಬಂಡೆ ಕುಸಿದು, ಅಲೆ ತೊಳೆದು, ಮರಳಿನಲ್ಲಿ ಸಿಕ್ಕ ಹಲ್ಲು ಯಾವ ಪದರದ್ದೆಂದು ಹೇಳಲು ಸಾಮಾನ್ಯವಾಗಿ ಆಧಾರವಿರುವುದಿಲ್ಲ. 'ಮಯೊಸೀನ್' ಎಂದಷ್ಟೇ ಬರೆದರೆ ಸಾಕು.

ಹೆಸರಿಲ್ಲದಿದ್ದರೆ ಮಕ್ಕಳಿಗೆ ಆಸಕ್ತಿ ಹುಟ್ಟುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಉದ್ದ ಹೆಸರನ್ನು ಮಗು ಓದಿ ಮುಂದೆ ಹೋಗುತ್ತದೆ. 'ಇದರ ಬೇರು ನೋಡು, ಇದು ಚಿಪ್ಪು ಅರೆಯುವ ಹಲ್ಲು' ಎಂದಿದ್ದರೆ ನಿಂತು ನೋಡುತ್ತದೆ. ಚೆಸಪೀಕ್ ಕೊಲ್ಲಿಗೆ ಬೇಸಿಗೆಯಲ್ಲಿ ಇಂದಿಗೂ ರೈನಾಪ್ಟೆರಾ ಬರುತ್ತದೆ. ಅದರ ದವಡೆಯ ಚಿತ್ರವನ್ನು ಪಕ್ಕದಲ್ಲಿಟ್ಟರೆ ಬಿಡಿ ಹಲ್ಲು ಎಲ್ಲಿ ಕೂರುತ್ತಿತ್ತೆಂದು ಮಗುವೇ ಹುಡುಕುತ್ತದೆ.

ಆದ್ದರಿಂದ ಚೀಟಿ ಹೀಗಿರಲಿ: 'ತೊರಕೆಯ ಹಲ್ಲು, ಪಕ್ಕದ ಸಾಲಿನದು, ಕುಲ ಖಚಿತವಿಲ್ಲ, ಮಯೊಸೀನ್.' ಜೊತೆಗೆ ಸಿಕ್ಕ ತೀರದ ಹೆಸರು ಮತ್ತು ದಿನಾಂಕ. ಕುಲದ ಹೆಸರನ್ನು ಮುಂದೊಂದು ದಿನ ತಜ್ಞರು ಸೇರಿಸಬಹುದು. ಸಿಕ್ಕ ಜಾಗವನ್ನು ಬರೆಯದೆ ಬಿಟ್ಟರೆ ಅದನ್ನು ಯಾರೂ ಸೇರಿಸಲಾರರು. ನಮ್ಮ ನಂತರ ಆ ಡಬ್ಬಿ ಮಕ್ಕಳ ಕೈಗೋ ವಸ್ತುಸಂಗ್ರಹಾಲಯಕ್ಕೋ ಹೋದಾಗ ಹಲ್ಲಿನ ಪರವಾಗಿ ಮಾತಾಡುವುದು ಆ ಚೀಟಿ ಮಾತ್ರ.