ಶ್ರವಣದ ಹೊಣೆ: ಡಿಕನ್ಸ್‌ನ ವಾಚನಗಳನ್ನು ಕುರಿತು

ಗೃಹಸ್ಥನಾದ ಜೈನನಿಗೆ ‘ಶ್ರಾವಕ’ನೆಂಬ ಹೆಸರು ಕೇಳುವವನು ಎಂಬ ಅರ್ಥದಿಂದಲೇ ಬಂದಿದೆ. ಆದಕಾರಣ ಏನನ್ನು ಕೇಳಬೇಕು, ಯಾವ ಭಾವದಿಂದ ಕೇಳಬೇಕು ಎಂಬ ಪ್ರಶ್ನೆಯನ್ನು ಜೈನಾಚಾರ್ಯರು ಲಘುವಾಗಿ ಎಣಿಸಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ಪ್ರಮಾದಚರ್ಯೆಗಳೊಡನೆ ದುಃಶ್ರುತಿಯನ್ನೂ ಸೇರಿಸಿದ್ದಾರೆ. ಚಿತ್ತವನ್ನು ಕಲುಷಿತಗೊಳಿಸುವುದನ್ನು ಕೇಳುವುದೇ ದುಃಶ್ರುತಿ. ಪ್ರಯೋಜನವಿಲ್ಲದೆ ಕಿವಿಯ ಮೂಲಕ ಕಟ್ಟಿಕೊಳ್ಳುವ ಪಾಪವದು. ಸಾಹಿತ್ಯವಾಚನಕ್ಕೆ ಈ ಅಳತೆಗೋಲನ್ನು ಹಿಡಿದು ನೋಡುವುದಾದರೆ, ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ ಸಾರ್ವಜನಿಕ ವಾಚನಗಳಿಗಿಂತ ತಕ್ಕ ನಿದರ್ಶನ ದೊರೆಯುವುದು ವಿರಳ.

1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಟೌನ್ ಹಾಲಿನಲ್ಲಿ ಡಿಕನ್ಸ್ ಮೊದಲ ಬಾರಿಗೆ ಸಾರ್ವಜನಿಕರೆದುರು ತನ್ನ ಕೃತಿಯನ್ನು ಓದಿದನು. ಅದು ಒಂದು ವಿದ್ಯಾಸಂಸ್ಥೆಯ ಸಹಾಯಾರ್ಥವಾಗಿ ನಡೆದ ವಾಚನ. ದುಡಿಯುವ ಜನರಿಗಾಗಿ ಕಡಿಮೆ ದರದ ಒಂದು ಸಂಜೆಯನ್ನು ಮೀಸಲಿಡಬೇಕೆಂದು ಅವನೇ ಕೇಳಿಕೊಂಡಿದ್ದನು; ಅಂದು ಎರಡು ಸಾವಿರಕ್ಕೂ ಮಿಕ್ಕ ಜನ ನೆರೆದರು. ಓದಿದ ಕೃತಿ 1843ರಲ್ಲಿ ಪ್ರಕಟವಾಗಿದ್ದ ‘ಎ ಕ್ರಿಸ್ಮಸ್ ಕ್ಯಾರಲ್’. ಲೆಕ್ಕದ ಪುಸ್ತಕದ ಹೊರಗೆ ಬೇರೆ ಲೋಕವನ್ನೇ ಕಾಣದ ಸ್ಕ್ರೂಜ್ ಎಂಬ ಜಿಪುಣ ವರ್ತಕನ ಮನಸ್ಸು ಒಂದೇ ರಾತ್ರಿಯಲ್ಲಿ ಕರಗುವ ಕಥೆಯಿದು. ಪರಿಗ್ರಹದಿಂದ ದಾನದ ಕಡೆಗೆ ಹೊರಳುವ ಈ ವೃತ್ತಾಂತವು ವ್ಯಾಪಾರಸ್ಥರೇ ಹೆಚ್ಚಾಗಿರುವ ಸಮಾಜಕ್ಕೆ ಅಪರಿಚಿತವೆನಿಸದು.

1858ರ ಏಪ್ರಿಲ್ 29ರಂದು ಲಂಡನ್ನಿನಲ್ಲಿ ಡಿಕನ್ಸ್ ತನ್ನ ಸ್ವಂತ ಲಾಭಕ್ಕಾಗಿ ಓದಲು ತೊಡಗಿದನು. ಹಣಕ್ಕಾಗಿ ವೇದಿಕೆಯೇರುವುದು ಗ್ರಂಥಕರ್ತನ ಗೌರವಕ್ಕೆ ಕುಂದೆಂದು ಆಪ್ತಮಿತ್ರನಾದ ಜಾನ್ ಫಾರ್‌ಸ್ಟರ್ ಆಕ್ಷೇಪಿಸಿದ್ದನು. ಈ ಆಕ್ಷೇಪಕ್ಕೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ನ್ಯಾಯವಾದ ದುಡಿಮೆಗೆ ನ್ಯಾಯವಾದ ಪ್ರತಿಫಲ ಪಡೆಯುವುದು ದೋಷವಲ್ಲ. ನ್ಯಾಯೋಪಾರ್ಜಿತ ಧನವನ್ನು ಶ್ರಾವಕಾಚಾರವೂ ಒಪ್ಪುತ್ತದೆ. ಪ್ರಶ್ನೆಯಿರುವುದು ಹಣದಲ್ಲಿ ಅಲ್ಲ, ಮಿತಿಯಲ್ಲಿ.

1867ರ ಡಿಸೆಂಬರಿನಿಂದ 1868ರ ಏಪ್ರಿಲ್‌ವರೆಗೆ ಅಮೆರಿಕದಲ್ಲಿ ಡಿಕನ್ಸ್ ಎಪ್ಪತ್ತಕ್ಕೂ ಹೆಚ್ಚು ವಾಚನಗಳನ್ನು ಮಾಡಿದನು. ಟಿಕೆಟ್ಟುಗಳಿಗಾಗಿ ಜನ ಚಳಿಯಲ್ಲಿ ಸಾಲುಗಟ್ಟಿ ನಿಂತರು. ದಲ್ಲಾಳಿಗಳು ಅವನ್ನು ಕೊಂಡು ಹಲವು ಪಟ್ಟು ಬೆಲೆಗೆ ಮಾರಿದರು. ಕೇಳುಗರ ಅನುಭವವಾದರೋ ಒಂದೇ ತೆರನಾಗಿರಲಿಲ್ಲ. ನ್ಯೂಯಾರ್ಕಿನ ಸ್ಟೈನ್‌ವೇ ಹಾಲಿನಲ್ಲಿ ಕುಳಿತು ಕೇಳಿದ ಮಾರ್ಕ್ ಟ್ವೇನ್ ತನಗಾದ ನಿರಾಶೆಯನ್ನು ಪತ್ರಿಕೆಯಲ್ಲಿ ಬರೆದನು. ದನಿ ಒರಟಾಗಿದೆ, ಓದಿನಲ್ಲಿ ಹೃದಯವಿಲ್ಲ ಎಂಬುದು ಅವನ ದೂರು. ಪೋರ್ಟ್‌ಲೆಂಡಿನ ವಾಚನಕ್ಕೆ ಹೋಗಲಾಗದ ಹನ್ನೊಂದು ವರ್ಷದ ಬಾಲಕಿಯೊಬ್ಬಳು ಮರುದಿನ ರೈಲಿನಲ್ಲಿ ಡಿಕನ್ಸ್‌ನ ಪಕ್ಕದಲ್ಲಿಯೇ ಹೋಗಿ ಕುಳಿತಳು. ಅವನ ಪುಸ್ತಕಗಳಲ್ಲಿ ಬೇಸರವೆನಿಸಿದ ಭಾಗಗಳನ್ನು ತಾನು ಬಿಟ್ಟು ಓದುವುದಾಗಿ ಮುಚ್ಚುಮರೆಯಿಲ್ಲದೆ ಹೇಳಿದಳು. ಮುಂದೆ ಲೇಖಕಿಯಾದ ಕೇಟ್ ಡಗ್ಲಸ್ ವಿಗಿನ್ ಆಕೆಯೇ. ಇನ್ನೊಬ್ಬ ಕೈಗಾರಿಕೋದ್ಯಮಿ ‘ಕ್ಯಾರಲ್’ ವಾಚನವನ್ನು ಕೇಳಿ ಮನಕರಗಿ, ಕ್ರಿಸ್ಮಸ್ ದಿನ ಕಾರ್ಖಾನೆಗೆ ರಜೆ ಕೊಟ್ಟು ಪ್ರತಿಯೊಬ್ಬ ಕೆಲಸಗಾರನಿಗೂ ಒಂದೊಂದು ಟರ್ಕಿ ಕೋಳಿಯನ್ನು ಕಳುಹಿಸಿದನೆಂದು ದಾಖಲೆಯಿದೆ. ಉಡುಗೊರೆ ಯಾವುದೆಂಬುದು ಜೈನ ಓದುಗನಿಗೆ ಸಮ್ಮತವಾಗದು. ಆದರೆ ಕೇಳಿದ್ದರಿಂದ ಒಬ್ಬನ ಲೋಭ ಸಡಿಲಗೊಂಡಿತೆಂಬುದನ್ನು ಅಲ್ಲಗಳೆಯಲಾಗದು.

ಇಲ್ಲಿಯವರೆಗಿನ ಚಿತ್ರ ಮೆಚ್ಚತಕ್ಕದ್ದೇ. ಮುಂದಿನದು ಚಿಂತಿಸತಕ್ಕದ್ದು. ಅಮೆರಿಕದಿಂದ ಮರಳಿದ ಡಿಕನ್ಸ್‌ನ ಆರೋಗ್ಯ ಕುಸಿದಿತ್ತು. ಆದರೂ ಅವನು 8,000 ಪೌಂಡುಗಳಿಗೆ ನೂರು ವಿದಾಯ ವಾಚನಗಳನ್ನು ಒಪ್ಪಿಕೊಂಡನು. ಹಳೆಯ ಭಾಗಗಳು ಸಾಲವೆಂದು ತೋರಿ, ‘ಆಲಿವರ್ ಟ್ವಿಸ್ಟ್’ ಕಾದಂಬರಿಯಿಂದ ಸೈಕ್ಸ್ ಎಂಬ ಕಳ್ಳನು ನ್ಯಾನ್ಸಿ ಎಂಬ ಹೆಣ್ಣನ್ನು ಬಡಿದು ಕೊಲ್ಲುವ ಪ್ರಸಂಗವನ್ನು ವಾಚನಕ್ಕಾಗಿ ಸಿದ್ಧಪಡಿಸಿದನು. 1868ರ ನವೆಂಬರಿನಲ್ಲಿ ಆಹ್ವಾನಿತರ ಮುಂದೆ ಪರೀಕ್ಷಾರ್ಥವಾಗಿ ಓದಿದಾಗ, ಇದು ಬೇಡವೆಂದು ಮಗನೇ ಬೇಡಿಕೊಂಡನು. ತಂದೆ ಒಪ್ಪಲಿಲ್ಲ. 1869ರ ಜನವರಿಯಿಂದ ಇಪ್ಪತ್ತಕ್ಕೂ ಹೆಚ್ಚು ಬಾರಿ ಅವನು ವೇದಿಕೆಯ ಮೇಲೆ ಆ ಕೊಲೆಯನ್ನು ದನಿಯಿಂದಲೂ ಅಭಿನಯದಿಂದಲೂ ನಡೆಸಿದನು. ಕ್ಲಿಫ್ಟನ್ನಿನಲ್ಲಿ ಹಲವು ಸ್ತ್ರೀಯರು ಮೂರ್ಛೆಹೋದರು. ವಾಚನವಾದ ಮೇಲೆ ವೈದ್ಯ ಫ್ರಾಂಕ್ ಬಿಯರ್ಡ್ ನಾಡಿ ನೋಡಿದಾಗ 72ರಷ್ಟಿರಬೇಕಾದ ಬಡಿತ 110ನ್ನು ದಾಟುತ್ತಿತ್ತು. ಏಪ್ರಿಲಿನಲ್ಲಿ ಪ್ರೆಸ್ಟನ್ ನಗರದಲ್ಲಿ ವೈದ್ಯನು ಪ್ರವಾಸವನ್ನೇ ನಿಲ್ಲಿಸಬೇಕಾಯಿತು. 1870ರಲ್ಲಿ ಲಂಡನ್ನಿನಲ್ಲಿ ಮತ್ತೆ ಹನ್ನೆರಡು ವಾಚನಗಳು ನಡೆದವು. ಕೊನೆಯದು ಮಾರ್ಚ್ 15ರಂದು. ಜೂನ್ 9ರಂದು, 58ನೆಯ ವಯಸ್ಸಿನಲ್ಲಿ, ಡಿಕನ್ಸ್ ತೀರಿಕೊಂಡನು. ಅವನು ಬಿಟ್ಟುಹೋದ ಸುಮಾರು 93,000 ಪೌಂಡುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ವಾಚನಗಳ ಗಳಿಕೆಯೇ ಆಗಿತ್ತು.

ಕೊಲೆಯ ವರ್ಣನೆ ಇದ್ದ ಮಾತ್ರಕ್ಕೆ ಕೃತಿ ದೂಷ್ಯವೆನ್ನಲಾಗದು. ರನ್ನನ ಗದಾಯುದ್ಧದಲ್ಲಿ ಊರುಭಂಗವಿದೆ. ಆದರೂ ಅದು ಜೈನ ಕವಿಯ ಮಹಾಕೃತಿ. ಡಿಕನ್ಸ್‌ನ ಕಾದಂಬರಿಯಲ್ಲಿಯೂ ಕೊಲೆಯ ಬಳಿಕ ಸೈಕ್ಸನು ತನ್ನ ಕೃತ್ಯದ ನೆನಪಿನಿಂದಲೇ ಬೇಟೆಯಾಡಲ್ಪಟ್ಟು ಸಾಯುತ್ತಾನೆ. ಅಲ್ಲಿ ಕರ್ಮಕ್ಕೆ ತಕ್ಕ ಫಲವಿದೆ. ಆದರೆ ವಾಚನದ ಮೊದಲ ಪಾಠ ಕೊಲೆಯೊಂದಿಗೇ ಮುಗಿಯುತ್ತಿತ್ತು. ಮಿತ್ರರ ಸಲಹೆಯ ಮೇಲೆ ಆ ಫಲಭಾಗವನ್ನು ಸಂಕ್ಷೇಪವಾಗಿ ಸೇರಿಸಲಾಯಿತು. ಪುಸ್ತಕದಲ್ಲಿ ಹೃದಯಸ್ಥಾನದಲ್ಲಿದ್ದುದು ವೇದಿಕೆಯ ಮೇಲೆ ಬಾಲವಾಯಿತು. ಜನ ಹಣ ತೆತ್ತದ್ದು ಏಟಿನ ಸದ್ದಿಗೆ, ಪಶ್ಚಾತ್ತಾಪಕ್ಕಲ್ಲ.

ಹಾಗಾದರೆ ಯಾರೂ ಸಾಯದ ಈ ಕೊಲೆಯಲ್ಲಿ ಹಿಂಸೆ ಎಲ್ಲಿಯದು? ಈ ಪ್ರಶ್ನೆಗೆ ಕನ್ನಡ ಜೈನ ಸಾಹಿತ್ಯವೇ ಉತ್ತರ ಕೊಟ್ಟಿದೆ. 1209ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ ಅರಸನು ಬಲಿ ಕೊಡುವುದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಕೋಳಿಯಾದರೂ ಸಂಕಲ್ಪ ಕೊಲ್ಲುವುದೇ ಆಗಿದ್ದುದರಿಂದ ತಾಯಿಯೂ ಮಗನೂ ಹಲವು ಜನ್ಮಗಳಲ್ಲಿ ತೊಳಲುತ್ತಾರೆ. ತತ್ತ್ವಾರ್ಥಸೂತ್ರವು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರನ್ನೂ ಆಸ್ರವಕ್ಕೆ ಆಧಾರವೆಂದು ಎಣಿಸುತ್ತದೆ. ಹಿಂಸೆಯನ್ನು ನೆನೆದು ಆನಂದಿಸುವುದನ್ನು ರೌದ್ರಧ್ಯಾನವೆನ್ನುತ್ತದೆ. ಈ ದೃಷ್ಟಿಯಿಂದ ಸಭೆಯಲ್ಲಿ ಕುಳಿತವನು ಬರಿಯ ಪ್ರೇಕ್ಷಕನಲ್ಲ. ನ್ಯಾನ್ಸಿಯ ಮೇಲಿನ ಏಟಿಗೆ ಅವನ ಚಪ್ಪಾಳೆ ಅನುಮೋದನೆ. ಅದಕ್ಕಿಂತಲೂ ಗಂಭೀರವಾದದ್ದು ಇನ್ನೊಂದು: ವೇದಿಕೆಯ ಮೇಲಿದ್ದ ಜೀವ ಹಿಟ್ಟಿನದಲ್ಲ. ಪ್ರತಿ ಸಂಜೆ ನಿಜವಾಗಿ ಸವೆಯುತ್ತಿದ್ದುದು ಡಿಕನ್ಸ್‌ನ ದೇಹವೇ. ಅವನ ಹಠವೂ ಕೀರ್ತಿಯ ಹಂಬಲವೂ ಅದಕ್ಕೆ ಮೊದಲ ಕಾರಣವೆಂಬುದು ದಿಟ. ಆದರೆ ಮೆಚ್ಚಿದ ಲೇಖಕನಿಂದ ಮತ್ತಷ್ಟು ಬೇಡಿದ ಸಭಿಕರ ಪಾಲು ಅದರಲ್ಲಿ ಇಲ್ಲವೆನ್ನಲಾದೀತೆ?

ಯಶೋಧರಚರಿತೆಯ ಚೌಕಟ್ಟಿನಲ್ಲಿಯೇ ಇದಕ್ಕೆ ಪ್ರತಿಯಾದ ಒಂದು ಶ್ರವಣವಿದೆ. ಬಲಿಗೆಂದು ತಂದ ಅಭಯರುಚಿಯ ಬಾಯಿಂದ ಪೂರ್ವಜನ್ಮದ ಕಥೆಯನ್ನು ಕೇಳಿದ ಮಾರಿದತ್ತ ರಾಜನು ಹಿಂಸೆಯನ್ನೇ ತ್ಯಜಿಸುತ್ತಾನೆ. ಅಲ್ಲಿಯೂ ಕೊಲೆಯ ಕಥನವುಂಟು. ಆದರೆ ಕೇಳಿದವನ ಕೈಯಿಂದ ಕತ್ತಿ ಕೆಳಗಿಳಿಯಿತು. ವಾಚನದ ಒಳಿತು ಕೆಡುಕುಗಳನ್ನು ಅಳೆಯಲು ಇದಕ್ಕಿಂತ ಸರಳವಾದ ಮಾನದಂಡ ಬೇಕಿಲ್ಲ. ಕೇಳಿ ಎದ್ದವನ ಕಷಾಯ ಮಂದವಾಯಿತೋ ತೀವ್ರವಾಯಿತೋ ಎಂಬುದೇ ಅದು. ‘ಕ್ಯಾರಲ್’ ಓದಿದ ಡಿಕನ್ಸ್ ಈ ಪರೀಕ್ಷೆಯಲ್ಲಿ ಗೆಲ್ಲುತ್ತಾನೆ. ಸೈಕ್ಸನನ್ನು ಓದಿದ ಡಿಕನ್ಸ್, ಕಲೆ ಹೆಚ್ಚಿದ್ದರೂ, ಸೋಲುತ್ತಾನೆ. ತನ್ನ ಕಟ್ಟಕಡೆಯ ಸಂಜೆಗೆ ಅವನು ಆರಿಸಿಕೊಂಡದ್ದು ಕೊಲೆಯನ್ನಲ್ಲ. ‘ಕ್ಯಾರಲ್’ ಅನ್ನೂ ‘ಪಿಕ್‌ವಿಕ್’ನ ನ್ಯಾಯಾಲಯದ ಹಾಸ್ಯಪ್ರಸಂಗವನ್ನೂ ಎಂಬುದು ಗಮನಾರ್ಹ.

ದಶಲಕ್ಷಣ ಪರ್ವದಲ್ಲಿಯೂ ಇತರ ಸಂದರ್ಭಗಳಲ್ಲಿಯೂ ಬಸದಿಗಳ ಆಡಳಿತ ಮಂಡಳಿಗಳು ಪ್ರವಚನಕಾರರನ್ನೂ ಸಾಹಿತಿಗಳನ್ನೂ ಆಹ್ವಾನಿಸುತ್ತವೆ. ಸಭೆ ಎಷ್ಟು ತುಂಬಿತು ಎಂಬ ಲೆಕ್ಕದ ಜೊತೆಗೆ, ಅತಿಥಿಯ ವಯಸ್ಸು, ದಣಿವು, ಪ್ರಯಾಣದ ಶ್ರಮ ಇವುಗಳ ಲೆಕ್ಕವನ್ನೂ ಇಡುವುದು ಆತಿಥ್ಯಧರ್ಮ. ರೋಚಕವಾದುದನ್ನೇ ಬೇಡುವ ಕೇಳುಗರು ಹೇಳುವವನನ್ನು ಕೆಡಿಸುತ್ತಾರೆ. ಹಿತವಾದುದನ್ನು ತಾಳ್ಮೆಯಿಂದ ಕೇಳುವವರು ಅವನನ್ನು ಕಾಪಾಡುತ್ತಾರೆ. ಶ್ರಾವಕನೆಂಬ ಹೆಸರಿನಲ್ಲಿ ಈ ಹೊಣೆಯೂ ಅಡಗಿದೆ.