ಶಿಕಾಗೋವಿನಲ್ಲಿ ಕೂಡಲಸಂಗಮ

ಅಮೆರಿಕಾ ದೇಶದಲ್ಲಿ ನೆಲಸಿದ ಕವಿಗಳನ್ನು ಕುರಿತು, ಅವರು ತಾಯ್ನೆಲದ ಸಂಸ್ಕೃತಿಯನ್ನು ಉಳಿಸಿಕೊಂಡರೋ ಕಳೆದುಕೊಂಡರೋ ಎಂದು ಕೇಳುವುದು ವಿಮರ್ಶಕರ ವಾಡಿಕೆ. ಎ. ಕೆ. ರಾಮಾನುಜನ್ನರ ವಿಷಯದಲ್ಲಿ ಈ ಪ್ರಶ್ನೆಯು ಸಾಲದು. 1929ರಲ್ಲಿ ಮೈಸೂರಿನಲ್ಲಿ ಜನಿಸಿ, ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದು, 1993ರಲ್ಲಿ ಆ ನಗರದಲ್ಲಿಯೇ ತೀರಿಕೊಂಡ ಈ ಕವಿಗೆ ತಾಯಿಯ ನುಡಿ ತಮಿಳು, ಬೀದಿಯ ನುಡಿ ಕನ್ನಡ, ತಂದೆಯ ಓದುಕೋಣೆಯ ನುಡಿ ಇಂಗ್ಲಿಷು. ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡಿ ಬೆಳೆದ ಚಿಂತಾಮಣಿ, ಗೌರಿಬಿದನೂರುಗಳ ಅನೇಕ ವಾಚಕರಿಗೆ ಇದು ಸೋಜಿಗವಲ್ಲ. ನಮ್ಮ ಕೈವಾರದ ತಾತಯ್ಯನವರು ಎರಡು ನುಡಿಗಳಲ್ಲಿಯೂ ಹಾಡಿದವರಷ್ಟೆ.

ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ (1969) ಅಮೆರಿಕಾವಾಸದ ಕಾಲದಲ್ಲಿ ಹೊರಬಂದ ಕನ್ನಡ ಕವನಸಂಗ್ರಹ. ಪದ್ಮನಾಭನ ಕಥೆಯು ರಕ್ತಗತವಾಗಿಲ್ಲದವನಿಗೆ ಇಂತಹ ಹೆಸರು ಹೊಳೆಯದು.

ಆದರೆ ಅವರ ವಚನಾನುವಾದವಾದ ‘ಸ್ಪೀಕಿಂಗ್ ಆಫ್ ಶಿವ’ (1973) ಗ್ರಂಥದಲ್ಲಿ ನಮಗೊಂದು ಆಕ್ಷೇಪವುಂಟು. ಬಸವಣ್ಣನವರ ಅಂಕಿತವನ್ನು ಅಲ್ಲಿ ‘ನದಿಗಳು ಕೂಡುವೆಡೆಯ ಒಡೆಯ’ ಎಂಬರ್ಥದಲ್ಲಿ ಬಿಡಿಸಿದ್ದಾರೆ. ಪರದೇಶದ ಓದುಗನಿಗೆ ಹೆಸರೇ ಕಾವ್ಯವಾಯಿತು, ನಿಜ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಊರು ಮಾತ್ರ ಮರೆಯಾಯಿತು. ವಚನದ ದೇವರು ಒಂದು ಊರಿನವನು, ಭಕ್ತನು ಹೆಸರು ಹಿಡಿದು ಕರೆಯಬಲ್ಲವನು. ಅನುವಾದದ ದೇವರಿಗೆ ವರ್ಣನೆಯುಂಟು, ವಿಳಾಸವಿಲ್ಲ. ಶಿಕಾಗೋ ಎಂಬ ಹೆಸರನ್ನು ನಾವು ಅರ್ಥ ಕೇಳದೆಯೇ ಕಲಿಯಲಿಲ್ಲವೆ? ಅನಂತಮೂರ್ತಿಯವರ ‘ಸಂಸ್ಕಾರ’ವನ್ನು 1976ರಲ್ಲಿ ಇಂಗ್ಲಿಷಿಗೆ ತಂದಾಗ ರಾಮಾನುಜನ್ನರೇ ಕನ್ನಡದ ಹೆಸರನ್ನು ಹಾಗೆಯೇ ಇರಿಸಿ, ವಿವರಣೆಯನ್ನು ಉಪಶೀರ್ಷಿಕೆಗೆ ಬಿಟ್ಟರು. ವಚನಗಳಿಗೂ ಆ ದಾರಿಯು ತೆರೆದಿತ್ತು.